ಅತ್ತೆ ಎಂದರೆ ಯಾರು?

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಎದುರುಮನೆಯ ಮರಾಠಿ ವಹಿನಿಯವರು ಒಂದು ದಿನ ನನ್ನ ಮನೆಯವಳನ್ನು ಕೇಳಿದರಂತೆ: “ನೀವು ಗಂಡನ ತಾಯಿಗೂ ಅತ್ತೆ ಎನ್ನುತ್ತೀರಿ, ತಂದೆಯ ಅಕ್ಕನಿಗೂ ಅತ್ತೆ ಎನ್ನುತ್ತೀರಿ. ಗೊಂದಲವಾಗುವುದಿಲ್ಲವೇ?” ಇವಳು ನಕ್ಕು, “ನನಗೆ ಇಬ್ಬರೂ ಒಬ್ಬರೇ” ಎಂದಳು. ನಿಜ, ನನ್ನ ತಾಯಿ ಅವಳ ತಂದೆಯ ಒಡಹುಟ್ಟಿದ ಅಕ್ಕ. ವಹಿನಿ ಬೆರಗಾಗಲಿಲ್ಲ, ಮಾಮಾನ ಮಗಳನ್ನು ತರುವುದು ಅವರಲ್ಲಿಯೂ ಉಂಟು. ಆದರೆ ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದೆ ಎಂದು ಕೇಳಿದಾಗ ಮಾತ್ರ ಅವರು ಗಲ್ಲದ ಮೇಲೆ ಕೈಯಿಟ್ಟರಂತೆ!

ವಾಚಕರೇ, ಆ ಕೈ ಗಲ್ಲಕ್ಕೆ ಏರಿದ್ದು ಏಕೆಂಬುದನ್ನು ಶಾಸ್ತ್ರವಾಗಿ ಹೇಳಿದವರು ಪುಣೆಯ ಇರಾವತಿ ಕರ್ವೆ. 1905ರಲ್ಲಿ ಬರ್ಮಾದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿಯ ನದಿಯ ಹೆಸರನ್ನೇ ಇಟ್ಟರು. ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯೆಯಾಗಿ ಎಂ.ಎ. ಮಾಡಿ, ಮಹರ್ಷಿ ಕರ್ವೆಯವರ ಸೊಸೆಯಾದ ಈಕೆ 1928ರಲ್ಲಿ ಬರ್ಲಿನ್ನಿಗೆ ಹೊರಟರು. ಅಲ್ಲಿಯ ಗುರು ಓಯ್ಗೆನ್ ಫಿಶರ್. ಬಿಳಿಯರ ತಲೆಬುರುಡೆಯ ಎಡಬಲ ಸಮವಾಗಿರುವುದಿಲ್ಲ, ಅವರ ಬುದ್ಧಿ ಹೆಚ್ಚೆಂಬುದಕ್ಕೆ ಅದೇ ಗುರುತು ಎಂದು ಆತನ ಊಹೆ. ಇರಾವತಿಬಾಯಿ 149 ಬುರುಡೆಗಳನ್ನು ಅಳೆದರು. ಅಂಥದೇನೂ ಕಾಣಲಿಲ್ಲ. ಕಾಣಲಿಲ್ಲವೆಂದೇ ಪ್ರಬಂಧದಲ್ಲಿ ಬರೆದು 1930ರಲ್ಲಿ ಡಾಕ್ಟರೇಟ್ ಪಡೆದರು. ಆ ಫಿಶರ್ 1933ರಲ್ಲಿ ನಾಝಿಗಳ ಆಳಿಕೆಯಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಕುಲಪತಿಯಾದ. ಸಾಹೇಬರ ಟಿಪ್ಪಣಿಗೆ ಎದುರಾಗಿ ಒಂದು ಸಾಲು ಬರೆಯಲು ಕೈನಡುಗುವ ನನ್ನಂಥ ಗುಮಾಸ್ತನಿಗೆ ಈ ಕತೆ ಓದಿದಾಗಲೆಲ್ಲ ನಾಚಿಕೆಯಾಗುತ್ತದೆ. ಊರಿಗೆ ಮರಳಿದ ಮೇಲೆಯೂ ಆಕೆ ಜಾತಿಜಾತಿಯ ಜನರ ತಲೆ, ಮೂಗು ಅಳೆಯುವುದನ್ನು ಬಿಡಲಿಲ್ಲವೆಂಬುದು ಮಾತ್ರ ನನಗೆ ಬಿಡಿಸಲಾರದ ಒಗಟು.

1939ರಿಂದ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದು ಆಕೆ ಊರೂರು ತಿರುಗಿದರು. ಭಾರತದ ಬಂಧುತ್ವವನ್ನು ಕುರಿತ ಆಕೆಯ ದೊಡ್ಡ ಗ್ರಂಥ 1953ರಲ್ಲಿ ಬಂತು. ಉತ್ತರದಲ್ಲಿ ಹೆಣ್ಣು ಕೊಡುವುದು ಗುರುತಿಲ್ಲದ ಮನೆಗೆ, ದೂರದ ಊರಿಗೆ. ಮಗಳು ಬೇರೆ, ಸೊಸೆ ಬೇರೆ. ದಕ್ಷಿಣದಲ್ಲಿ ಕೊಟ್ಟು ತರುವುದು ಬಳಗದೊಳಗೇ. ಚಿಕ್ಕಂದಿನಿಂದ ಆಡಿದ ಅಂಗಳಕ್ಕೇ ಸೊಸೆಯಾಗಿ ಹೋಗುವುದು. ನಡುವೆ ಮಹಾರಾಷ್ಟ್ರ, ಅರ್ಧ ಆ ಕಡೆ, ಅರ್ಧ ಈ ಕಡೆ. ಹಳೆಯ ಮರಾಠಿ ಮನೆಗಳಲ್ಲಿ ಸೊಸೆ ಗಂಡನ ತಂದೆಯನ್ನು ‘ಮಾಮಂಜಿ’ ಎಂದು ಕರೆಯುವುದು ಕೇಳಿದ್ದೀರಷ್ಟೇ?

ಆಳಂದಿಯ ಪಾಲಖಿಯೊಡನೆ ನಡೆದು ಹೋದಾಗ ಇರಾವತಿಬಾಯಿಗೆ ಮಹಾರಾಷ್ಟ್ರಕ್ಕೆ ಒಂದು ಹೊಸ ಲಕ್ಷಣ ಹೊಳೆಯಿತು: ಯಾವ ನಾಡಿನ ಜನ ಪಂಢರಪುರಕ್ಕೆ ಹೋಗುತ್ತಾರೋ ಅದೇ ಮಹಾರಾಷ್ಟ್ರ. ಹಾಗಾದರೆ ಪುರಂದರದಾಸರೂ ವಿಜಾಪುರದ ನನ್ನ ಅಜ್ಜನೂ ಮರಾಠಿಗರೇ ಆದರಲ್ಲ! ಇತ್ತ ಧಾರವಾಡದ ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಬುಡದಲ್ಲಿಯೇ ಕನ್ನಡದ ಬೇರು ತೋರಿಸಿದರು. ಇಬ್ಬರೂ ಗಟ್ಟಿಗರು, ತೀರ್ಪು ಕೊಡಲು ನಾನಾರು? ಅದೇ ದಾರಿಯಲ್ಲಿ ಒಂದೇ ದಿಂಡಿಯ ಬ್ರಾಹ್ಮಣರೂ ಮರಾಠರೂ ಬೇರೆ ಬೇರೆ ಕೂತು ಉಂಡದ್ದನ್ನು ಕಂಡು ಆಕೆ ನೊಂದುಕೊಂಡರು.

ಮುಂದೆ ‘ಯುಗಾಂತ’ದಲ್ಲಿ ಆಕೆ ಕುಂತಿ, ಗಾಂಧಾರಿ, ದ್ರೌಪದಿಯರನ್ನು ದೇವತೆಗಳನ್ನಾಗಿ ಮಾಡದೆ, ದುಃಖಪಟ್ಟ ಹೆಂಗಸರನ್ನಾಗಿ ಕಂಡರು. ಅದಕ್ಕೆ 1968ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. 1970ರಲ್ಲಿ ತೀರಿಕೊಂಡರು.

ಕಳೆದ ದೀಪಾವಳಿಗೆ ಅಕ್ಕ ಬಂದಿದ್ದಳು. ದಕ್ಷಿಣದ ಹೆಣ್ಣಿಗೆ ಅತ್ತೆಮನೆಯ ಅಂಜಿಕೆ ಕಡಿಮೆ ಎಂಬ ಸಂಗತಿಯನ್ನು ಅಭಿಮಾನದಿಂದಲೇ ಅವಳಿಗೆ ಹೇಳಿದೆ. ಅಕ್ಕ ಕರಜಿಕಾಯಿ ತುಂಬುತ್ತ ಅಂದಳು: “ಅಂಜಿಕಿ ಇರಲಿಲ್ಲ ಖರೆ. ಅತ್ತಿ ಆದಾಕಿ ನನ್ನ ಅಜ್ಜಿನ. ಆದ್ರ ಸಿಟ್ಟು ಬಂದು ತವರಿಗೆ ಹೋದ್ರ ಅವ್ವ ತನ್ನ ತಮ್ಮನ ಪರವಾಗೇ ಮಾತಾಡ್ತಿದ್ಲು. ನಾ ಎಲ್ಲಿಗೆ ಹೋಗಬೇಕಿತ್ತಪ್ಪಾ?”

ನನಗೆ ಮಾತು ಹೊರಡಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ ಮಾವ-ಸೊಸೆಯರ ಇಂಥ ಮದುವೆಯನ್ನು ನಿಷೇಧಿಸಿ, ರೂಢಿಯಿದ್ದಲ್ಲಿ ಆಗಬಹುದೆಂದು ಬಿಟ್ಟಿದೆ. ಆ ರೂಢಿಯ ಬಲದಿಂದಲೇ ನಮ್ಮ ಅವ್ವ ಈಗ ಅಕ್ಕನ ಮಗಳನ್ನು ನನ್ನ ತಮ್ಮನಿಗೆ ತರುವ ಮಾತು ಎತ್ತಿದ್ದಾಳೆ.

“ಈ ಸಲ ಹುಡುಗಿನ್ನ ಕೇಳ್ರಿ” ಎಂದಳು ಅಕ್ಕ. ಅವ್ವ ಇನ್ನೂ ಉತ್ತರ ಕೊಟ್ಟಿಲ್ಲ.