ರೀಲು ಕ್ಯಾಮೆರಾಗೆ ನನ್ನ ಓಟು: ಕೆಬಿ10

ಮತ್ತೆ ರೀಲು ಕ್ಯಾಮೆರಾ ಹುಚ್ಚು ಶುರುವಾಗಿದೆ. ಸಂತೋಷವೇ. ಆದ್ರೆ ಹೊಸಬರೆಲ್ಲ ಮೊದಲು ಹುಡುಕೋದು ಒಲಿಂಪಸ್ ಮ್ಯೂ-2, ಇಲ್ಲಾಂದ್ರೆ ಕಾಂಟ್ಯಾಕ್ಸ್ ಟಿ2. ಲೆನ್ಸ್ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಒಳಗಿರೋದು ತೊಂಬತ್ತರ ದಶಕದ ಸರ್ಕ್ಯೂಟು. ಒಂದು ದಿನ ಆನ್ ಆಗಲಿಲ್ಲ ಅಂದ್ರೆ ಇನ್ನೊಂದು ಸತ್ತ ಕ್ಯಾಮೆರಾ ಬಿಚ್ಚಿಯೇ ಬಿಡಿಭಾಗ ತೆಗೀಬೇಕು. ಅಷ್ಟು ದುಡ್ಡು ಸುರಿದ ಮೇಲೆ ಅದನ್ನ ಜೇಬಿಗೆ ಹಾಕ್ಕೊಂಡು ಜಾತ್ರೆಗೆ ಹೋಗೋ ಧೈರ್ಯ ಯಾರಿಗಿದೆ ಹೇಳಿ?

ನನ್ನ ಓಟು ಕೊಡಕ್ ಕೆಬಿ10ಗೆ. ಒಂದು ಕಾಲದಲ್ಲಿ ನಮ್ಮ ನಾಮಕರಣ, ಸ್ಕೂಲ್ ಟೂರು ಎಲ್ಲದರಲ್ಲೂ ಇದ್ದ ಅದೇ ಪ್ಲಾಸ್ಟಿಕ್ ಡಬ್ಬಿ. ಫೋಕಸ್ ಮಾಡೋ ತಾಪತ್ರಯವೇ ಇಲ್ಲ. ಲೆನ್ಸಿನ ಕಿಂಡಿ ಚಿಕ್ಕದು, ಹಾಗಾಗಿ ನಾಲ್ಕೈದು ಅಡಿ ಆಚೆಗಿರೋದೆಲ್ಲ ಸುಮಾರಾಗಿ ಸ್ಪಷ್ಟ. ಉಳಿದಿದ್ದನ್ನ ರೀಲೇ ನೋಡ್ಕೊಳ್ಳುತ್ತೆ. ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ ಜಾಸ್ತಿ ಬೆಳಕನ್ನ ಆರಾಮಾಗಿ ತಡ್ಕೊಳ್ಳುತ್ತೆ, ಕಡಿಮೆಯಾದ್ರೆ ಮಾತ್ರ ಮಸುಕು. ಅದಕ್ಕೇ 400 ಐಎಸ್‌ಒ ಹಾಕಿ, ನೆರಳಲ್ಲಿ ಫ್ಲಾಶ್ ಒತ್ತಿ.

ರೀಲು, ಡೆವಲಪಿಂಗ್, ಸ್ಕ್ಯಾನ್ ಸೇರಿ ಸಾವಿರಕ್ಕೆ ಮೇಲೇ. ಕ್ಲಿಕ್ಕಿಗೆ ಮೂವತ್ತು ರೂಪಾಯಿ ಅಂತಿಟ್ಕೊಳ್ಳಿ (ನನ್ನ ಹೆಂಡತಿಗೆ ಹೇಳ್ಬೇಡಿ). ದುಡ್ಡು ಹೋಗ್ಬೇಕಾದ್ದು ಅಲ್ಲಿಗೆ, ಕ್ಯಾಮೆರಾಗಲ್ಲ. ಯಾಕಂದ್ರೆ ಲ್ಯಾಬಿಗೆ ದಿನಾ ರೀಲು ಬರ್ತಾ ಇರ್ಬೇಕು. ಬರದಿದ್ರೆ ಡೆವಲಪರ್ ದ್ರಾವಣ ಗಾಳಿ ತಾಗಿ ಕೆಡುತ್ತೆ, ಬಣ್ಣ ಹಾಳಾಗುತ್ತೆ, ಗಿರಾಕಿ ಬರೋದು ಬಿಡ್ತಾನೆ, ಕೊನೆಗೆ ಮಷಿನ್ನೇ ಗುಜರಿಗೆ. ಶೋಕೇಸಿನ ಟಿ2 ಯಾವ ಲ್ಯಾಬನ್ನೂ ಉಳಿಸಲ್ಲ.

ಅಪ್ಪನ ಬೀರು ತಡಕಿ ನೋಡಿ. ಸೆಲ್ ಸೋರಿ ಹಸಿರುಗಟ್ಟಿದ್ರೆ ಹತ್ತಿಗೆ ಸ್ವಲ್ಪ ವಿನಿಗರ್ ಹಚ್ಚಿ ಒರೆಸಿ ಸಾಕು.