ಕಂಡುಕೊಂಡ ಸೂತ್ರ

ಗಣಿತವೆಂದೊಡನೆ ಎದೆಗುಂದುವ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಉಂಟು. ಲೆಕ್ಕವು ಕಠಿಣವೆಂಬುದೊಂದೇ ಇದಕ್ಕೆ ಕಾರಣವಲ್ಲ. ಏಕೆಂದು ಕೇಳದೆಯೇ ಸೂತ್ರವನ್ನು ಕಂಠಪಾಠ ಮಾಡಬೇಕಾದಾಗ ವಿದ್ಯೆ ಹೊರೆಯಾಗುತ್ತದೆ. ಪರೀಕ್ಷೆ ಮುಗಿದೊಡನೆ ಮನಸ್ಸು ಆ ಹೊರೆಯನ್ನು ಇಳಿಸಿಬಿಡುತ್ತದೆ. ಸೂತ್ರ ಮರೆತುಹೋದರೂ ‘ಗಣಿತ ನನಗೆ ಬಾರದು’ ಎಂಬ ನಂಬಿಕೆ ಮಾತ್ರ ಬಾಳಿನುದ್ದಕ್ಕೂ ಉಳಿಯುತ್ತದೆ. ದೊಡ್ಡ ನಷ್ಟ ಇದೇ.

ಇದಕ್ಕೆ ಬೇರೊಂದು ದಾರಿಯುಂಟು. ನೆಲಮಂಗಲದ ಹಿರಿಯ ಪ್ರಾಥಮಿಕ ಶಾಲೆಯೊಂದನ್ನು ಊಹಿಸಿಕೊಳ್ಳಬಹುದು. ಏಳನೆಯ ತರಗತಿಯ ಮಕ್ಕಳ ಮುಂದೆ ಬಳೆ, ಊಟದ ತಟ್ಟೆ, ಸೈಕಲ್ಲಿನ ಚಕ್ರ ಇವೆ. ಉಪಾಧ್ಯಾಯರು ಸೂತ್ರವನ್ನು ಹೇಳುವುದಿಲ್ಲ, “ಪರಿಧಿಯು ವ್ಯಾಸದ ಎಷ್ಟು ಪಟ್ಟು?” ಎಂದಷ್ಟೇ ಕೇಳುತ್ತಾರೆ. ಚಕ್ರ ದೊಡ್ಡದಾದುದರಿಂದ ಅದರ ಪಟ್ಟೂ ಹೆಚ್ಚೆಂದು ಕೆಲವರ ಊಹೆ. ದಾರ ಸುತ್ತಿ, ಅಳೆದು, ಭಾಗಿಸಿ ನೋಡಿದರೆ ಬಳೆಗೂ ಚಕ್ರಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ: ಮೂರಕ್ಕಿಂತ ತುಸು ಹೆಚ್ಚು. ಊಹೆ ಸುಳ್ಳಾಯಿತು, ಸತ್ಯ ಕೈಗೆ ಸಿಕ್ಕಿತು. ‘ಪೈ’ ಎಂಬ ಹೆಸರನ್ನು ಉಪಾಧ್ಯಾಯರು ಆಮೇಲೆ ಹೇಳಿದರೆ ಸಾಕು.

ಒಬ್ಬರ ದಾರಕ್ಕೆ 3.1, ಇನ್ನೊಬ್ಬರ ದಾರಕ್ಕೆ 3.2 ಬಂದರೆ ನಾಚಬೇಕಾಗಿಲ್ಲ. ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು 9ನೆಯ ಶತಮಾನದ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಸ್ಥೂಲ ಲೆಕ್ಕಕ್ಕೆ 3ನ್ನೂ ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವನ್ನೂ ಬಳಸಿದನು. ಅದು ಸುಮಾರು 3.16. ಎರಡೂ ಸಮೀಪದ ಬೆಲೆಗಳೇ. ಅವನಿಗಿಂತ ಮೊದಲೇ ಆರ್ಯಭಟನು 3.1416 ಎಂಬ ಬೆಲೆಯನ್ನು ಕೊಟ್ಟು, ಅದೂ ಸಮೀಪದ್ದೆಂದೇ ತಿಳಿಸಿದ್ದನು.

ಶತಮಾನಗಳ ಜ್ಞಾನವನ್ನು ಮಗುವೊಂದು ನಲವತ್ತು ನಿಮಿಷಗಳಲ್ಲಿ ಕಂಡುಹಿಡಿಯಬಲ್ಲುದೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟು ಸುಮ್ಮನೆ ಕುಳಿತರೆ ಕಾಲಹರಣವಾದೀತು. ಯಾವ ವಸ್ತುವನ್ನು ಕೈಗೆ ಕೊಡಬೇಕು, ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕು ಎಂಬುದನ್ನು ಉಪಾಧ್ಯಾಯರು ಮೊದಲೇ ಯೋಚಿಸಿರಬೇಕು. ಮಗ್ಗಿಯೂ ಬೇಕು, ಅಭ್ಯಾಸವೂ ಬೇಕು. ಆದರೆ ಲೋಕಕ್ಕೆ ಹೊಸದನ್ನು ಕಾಣುವುದಷ್ಟೇ ಶೋಧನೆಯಲ್ಲ. ತನ್ನ ಬುದ್ಧಿಯಿಂದ ತಾನೇ ಅರಿತುದೂ ಶೋಧನೆಯೇ ಎಂದು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1961ರಲ್ಲಿ ವಾದಿಸಿದನು. ಮಗುವಿನ ಚಿಂತನೆಯನ್ನು ಗಣಿತದ ರೀತಿಗೆ ಪಳಗಿಸುವುದೇ ಬೋಧನೆಯ ಮುಖ್ಯ ಗುರಿಯೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾರಿತು.

ಪ್ರತಿಯೊಂದು ಪಾಠವನ್ನೂ ಹೀಗೆ ಕಲಿಸಲಾಗದಿರಬಹುದು. ಮುಖ್ಯವಾದ ಸೂತ್ರಗಳಿಗಾದರೂ ಈ ಅವಕಾಶ ದೊರೆಯಬೇಕು. ಕೇಳಿ ಕಲಿತವನು ಸೂತ್ರವನ್ನು ಮರೆತರೆ ಬರಿಗೈಯಾಗುತ್ತಾನೆ. ಕಂಡು ಕಲಿತವನು ಮರೆತರೆ ದಾರವನ್ನು ಕೈಗೆತ್ತಿಕೊಳ್ಳುತ್ತಾನೆ.