ಸಂಬಳದ ದಿನವೂ ವಿಶ್ವಾಸದ ದಿನವೇ

ಕೇಂದ್ರ ಸರಕಾರವು 29 ಹಳೆಯ ಕಾನೂನುಗಳನ್ನು ಒಟ್ಟುಗೂಡಿಸಿ ರೂಪಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಇವುಗಳ ಬಗ್ಗೆ ಪರ-ವಿರೋಧ ಚರ್ಚೆ ನಡೆದಿದೆ. 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗಳು ಸರಕಾರದ ಪೂರ್ವಾನುಮತಿ ಇಲ್ಲದೆಯೇ ಕೆಲಸಗಾರರನ್ನು ಕಡಿತಗೊಳಿಸಬಹುದು. ಕೇಂದ್ರದ ಹಳೆಯ ಕಾನೂನಿನಲ್ಲಿ ಈ ಮಿತಿ 100 ಇತ್ತು. ಕಾರ್ಮಿಕ ಸಂಘಟನೆಗಳ ಆತಂಕ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಇದೇ ಸಂಹಿತೆಗಳಲ್ಲಿ ನಮ್ಮ ಆತ್ಮಸಾಕ್ಷಿಯನ್ನು ಕೆಣಕುವ ಕೆಲವು ಸಣ್ಣ ವಿಷಯಗಳೂ ಇವೆ. ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಪಾವತಿಸಬೇಕು. ಹೆಚ್ಚುವರಿ ಅವಧಿಯ ದುಡಿಮೆಗೆ ಎರಡು ಪಟ್ಟು ವೇತನ ಕೊಡಬೇಕು. ಕೆಲಸ ಬಿಟ್ಟು ಹೋಗುವವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಇವನ್ನು ಹೇಳಲು ಪಾರ್ಲಿಮೆಂಟ್ ಬೇಕಿತ್ತೇ? ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ಎಂದೋ ವಿಧಿಸಿದೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಯನ್ನು ಮುಟ್ಟುತ್ತದೆಂದು ಸಂತ ಯಾಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ.

ಧರ್ಮಸಭೆಯ ಬೋಧನೆಯೂ ಸ್ಪಷ್ಟವಾಗಿದೆ. ಹದಿಮೂರನೇ ಲಿಯೋ ಪೋಪರು 1891ರಲ್ಲಿ 'ರೇರುಂ ನೊವಾರುಂ' ವಿಶ್ವಪರಿಪತ್ರದ ಮೂಲಕ ನ್ಯಾಯಯುತ ವೇತನದ ಪರವಾಗಿ ದನಿಯೆತ್ತಿದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ಪೋಪರು, ತಾವು ಈ ಹೆಸರನ್ನು ಆರಿಸಿಕೊಳ್ಳಲು ಆ ಪರಿಪತ್ರವೂ ಮುಖ್ಯ ಕಾರಣವೆಂದು ಕಾರ್ಡಿನಲರಿಗೆ ತಿಳಿಸಿದರು. ವಿಶ್ವಾಸಕ್ಕೂ ದೈನಂದಿನ ಬದುಕಿಗೂ ನಡುವೆ ಇರುವ ಬಿರುಕು ಈ ಕಾಲದ ಗಂಭೀರ ತಪ್ಪುಗಳಲ್ಲಿ ಒಂದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಗುರುತಿಸಿತ್ತು.

ಈ ಬಿರುಕು ನಮ್ಮಲ್ಲಿ ಇಲ್ಲವೇ? ನಮ್ಮ ಅಂಗಡಿಗಳಲ್ಲಿ ಯೇಸುವಿನ ಪವಿತ್ರ ಹೃದಯದ ಚಿತ್ರವಿದೆ, ಅದರ ಮುಂದೆ ದೀಪವೂ ಉರಿಯುತ್ತದೆ. ಅದೇ ಚಿತ್ರದ ಕೆಳಗೆ ಸೇಲ್ಸ್ ಹುಡುಗಿ ಹತ್ತು ಗಂಟೆ ನಿಂತೇ ಕೆಲಸ ಮಾಡಿದರೆ, ಕುಳಿತುಕೊಳ್ಳಲು ಒಂದು ಸ್ಟೂಲ್ ಸಹ ಇಲ್ಲದಿದ್ದರೆ, ಆ ದೀಪಕ್ಕೆ ಏನರ್ಥ? ಬೀಡಿ ಕಟ್ಟಿ, ಗೋಡಂಬಿ ಸುಲಿದು, ದೋಣಿಯಲ್ಲಿ ದುಡಿದು, ಗಲ್ಫಿಗೆ ಹೋಗಿ ಮಕ್ಕಳನ್ನು ಓದಿಸಿದ ಕರಾವಳಿ ಇದು. ಪರದೇಶದಲ್ಲಿ ಸಂಬಳ ತಡವಾದಾಗ ಅಳುವ ನಾವು, ಮನೆಕೆಲಸದ ಅಕ್ಕನಿಗೆ 'ಮುಂದಿನ ವಾರ ನೋಡುವ' ಎನ್ನುತ್ತೇವೆ. ಅಡುಗೆಕೋಣೆಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ನಮ್ಮ ವಿಶ್ವಾಸವೇ ಕಾನೂನು.

ಪ್ರಶ್ನೆ ಯಜಮಾನರಿಗೆ ಮಾತ್ರವಲ್ಲ. ಕಡತ ಮುಂದೂಡುವ ಗುಮಾಸ್ತ, ಸಿಮೆಂಟ್ ಕಡಿಮೆ ಹಾಕುವ ಮೇಸ್ತ್ರಿ, ತಯಾರಿಯಿಲ್ಲದೆ ತರಗತಿಗೆ ಹೋಗುವ ಶಿಕ್ಷಕ, ಎಲ್ಲರ ಬಲಿಪೂಜೆಯೂ ಸೋಮವಾರ ಬೆಳಿಗ್ಗೆ ಪರೀಕ್ಷೆಗೆ ಒಳಗಾಗುತ್ತದೆ. ಹೊತ್ತಿಗೆ ಸರಿಯಾಗಿ, ಮೋಸವಿಲ್ಲದೆ ಮಾಡಿದ ಕೆಲಸವೂ ಕಾಣಿಕೆಯೇ. ನಜರೇತಿನಲ್ಲಿ ಪ್ರಭು ಯೇಸು ಹಲವು ವರ್ಷ ಅರ್ಪಿಸಿದ ಕಾಣಿಕೆ ಅದು.

ಇತರರಿಗೆ ಬುದ್ಧಿ ಹೇಳುವ ಮೊದಲು ಯಾಜಕರಾದ ನಾವು ನಮ್ಮ ಅಂಗಳವನ್ನೇ ಗುಡಿಸಬೇಕು. ಚರ್ಚಿನ ಗಂಟೆ ಬಾರಿಸುವವರು, ಗುರುನಿವಾಸದ ಅಡುಗೆಯವರು, ಶಾಲೆಯ ಬಸ್ ಚಾಲಕರು, ಆಸ್ಪತ್ರೆಯ ಆಯಾ, ಇವರಿಗೆಲ್ಲ ನೇಮಕಾತಿ ಪತ್ರವಿದೆಯೇ? ಭವಿಷ್ಯನಿಧಿ ಕಟ್ಟುತ್ತಿದ್ದೇವೆಯೇ? 'ಇದು ಸೇವೆ' ಎಂಬ ಮಾತನ್ನು ಕಡಿಮೆ ಸಂಬಳಕ್ಕೆ ಹೊದಿಕೆಯಾಗಿ ಬಳಸುವುದು ಸೇವೆಗೇ ಅವಮಾನ.

ಮೇ 1ರಂದು ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬ ಆಚರಿಸುತ್ತೇವೆ. ಹಬ್ಬದ ಪ್ರಸಂಗಕ್ಕೆ ಮುನ್ನ ಪ್ರತಿ ಧರ್ಮಕೇಂದ್ರದ ಪಾಲನಾ ಪರಿಷತ್ತು ಒಂದು ಸಂಜೆ ಕುಳಿತು ತನ್ನ ಕೆಲಸಗಾರರ ಸಂಬಳದ ಪುಸ್ತಕವನ್ನು ತೆರೆದು ನೋಡಲಿ. ವಾರ್ಡಿನ ಗುರಿಕಾರರು ಮನೆಗಳಲ್ಲೂ ಈ ಮಾತು ಎತ್ತಲಿ. ಕಾನೂನು ಕೇಳುವುದು ಕನಿಷ್ಠವನ್ನು ಮಾತ್ರ. ಕನಿಷ್ಠವನ್ನೇ ಕೊಡದವರು ಪ್ರೀತಿಯ ಬಗ್ಗೆ ಬೋಧಿಸಿದರೆ ಕೇಳುವವರು ಯಾರು?